ಯಾರ ಎಡ?

ನಮ್ಮನೆಯವರನ್ನು ಕಟ್ಟಿಕೊಂಡು ನಾಲ್ಕು ಜನರ ಮನೆಗೆ ಹೋಗುವ ಹಾಗಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಇವರ ಬೆರಳು ಗೋಡೆಗೆ ಹೋಗಿರುತ್ತದೆ. ಟಕ್ ಟಕ್ ಎಂದು ಬಡಿದು, ತಲೆ ವಾರೆ ಮಾಡಿ ಕೇಳಿ, "ಒಳಗೆ ಟೊಳ್ಳಿದೆ, ನೋಡಿಸ್ಕೊಳ್ಳಿ" ಎಂದುಬಿಡುತ್ತಾರೆ. ಹೊಸ ಮನೆ ಕಟ್ಟಿದ ಸಂಭ್ರಮದಲ್ಲಿ ಊಟಕ್ಕೆ ಕರೆದವರ ಮುಖ ಹೇಗಾಗಬೇಡ. ಅನ್ನ ನನ್ನ ಗಂಟಲಲ್ಲಿ ಇಳಿಯುವುದಿಲ್ಲ. ಇವರು ಎರಡು ಸಲ ಬಡಿಸಿಕೊಂಡು ಉಣ್ಣುತ್ತಾರೆ.

ಇವರ ಕೆಲಸವೇ ಬಡಿಯುವುದು. ನೂರು, ನೂರೈವತ್ತು ವರ್ಷದ ಹಳೆಯ ಕಲ್ಲು ಸೇತುವೆಗಳ ಅಡಿಗೆ ಹೋಗಿ ನಿಂತು, ಕಮಾನಿನ ಒಂದೊಂದು ಕಲ್ಲಿಗೂ ಪುಟ್ಟ ಸುತ್ತಿಗೆಯಿಂದ ಬಡಿದು ಕೇಳಬೇಕು. ಗಟ್ಟಿಯಾಗಿ ಕೂತ ಕಲ್ಲು ಠಣ್ ಎನ್ನುತ್ತದೆ. ಹಿಂದಿನ ಗಾರೆ ಉದುರಿ ಹೋಗಿದ್ದರೆ ಡಬ್ ಎನ್ನುತ್ತದೆ. ಅದಾದ ಮೇಲೆ ಬಿರುಕುಗಳ ಸರದಿ. ಅದಕ್ಕೊಂದು ಉಕ್ಕಿನ ಬೆಣೆ ಇದೆ. ತುದಿ ತೆಳು, ಬುಡ ದಪ್ಪ, ಮೈಯುದ್ದಕ್ಕೂ ಮಿಲಿಮೀಟರಿನ ಗೀರುಗಳು. ಬಿರುಕಿನೊಳಗೆ ತೂರಿಸಿ, ಎಲ್ಲಿ ಹೋಗಿ ನಿಂತಿತೋ ಅಲ್ಲಿನ ಗೀರು ಎಣಿಸಿದರೆ ಬಿರುಕಿನ ಅಗಲ ಸಿಕ್ಕಿತು.

ಹತ್ತೊಂಬತ್ತನೇ ವಯಸ್ಸಿಗೆ ಇವರು ಸೇತುವೆ ಆಫೀಸಿಗೆ ಸೇರಿದ್ದು ಅಳತೆಯ ಟೇಪಿನ ಇನ್ನೊಂದು ತುದಿ ಹಿಡಿಯುವುದಕ್ಕೆ. ಓದಿದ್ದು ಹತ್ತನೇ ಕ್ಲಾಸು, ಅದೂ ತಿಣುಕಿ ತಿಣುಕಿ. ಇಂಜಿನಿಯರುಗಳು ಬಂದರು, ವರ್ಗವಾಗಿ ಹೋದರು. ಇವರು ಮಾತ್ರ ಗೂಟ ಹೊಡೆದುಕೊಂಡು ಅಲ್ಲೇ ಇದ್ದರು. ಯಾವ ಸೇತುವೆಯ ಯಾವ ಕಂಬದ ಬುಡವನ್ನು ನೀರು ಕೊರೆದಿದೆ, ಯಾವ ಕಮಾನಿನ ನೆತ್ತಿಗಲ್ಲು ಜಗ್ಗಿದೆ ಎಂದು ಹೊಸಬರಿಗೆ ಹೇಳಿಕೊಡುತ್ತಿದ್ದವರು ಇವರೇ ಆದ್ದರಿಂದ ಆಫೀಸಿನಲ್ಲೆಲ್ಲ 'ಮೇಷ್ಟ್ರು' ಎಂಬ ಹೆಸರು ಬಿತ್ತು. ಶಾಲೆಯಲ್ಲಿ ಇವರಿಗೆ ಪಾಠ ಹೇಳಿದ ಮೇಷ್ಟ್ರು ಇದನ್ನು ಕೇಳಿ, ಯಾವ ಹುಡುಗ ಎಂದು ಎರಡು ಸಲ ವಿಚಾರಿಸಿದರಂತೆ.

ಮನೆಯಲ್ಲಿ ಊಟಕ್ಕೆ ಕೂತರೂ ಅದೇ ಪುರಾಣ.

"ಬಿರುಕು ಇದೆ ಅಂತ ಹೆದರಬಾರದು ಕಣೇ. ಸತ್ತ ಬಿರುಕು ಏನೂ ಮಾಡಲ್ಲ. ಜೀವ ಇರೋದು ಇರತ್ತಲ್ಲ, ಅದು ಬೆಳೀತಾ ಹೋಗತ್ತೆ. ಹೆದರಬೇಕಾದ್ದು ಅದಕ್ಕೆ."

"ಇನ್ನೊಂಚೂರು ಹಾಕ್ಲಾ?" ಎಂದು ನಾನು ಕೇಳಿದರೆ, "ಅದಕ್ಕೇ ಬಿರುಕಿನ ಮೇಲೆ ಗಾರೆ ಮೆತ್ತಿ ತಾರೀಖು ಕೊರೀತೀವಿ. ಬಿರುಕು ಬೆಳೆದ್ರೆ ಗಾರೆ ಸೀಳತ್ತೆ, ಗೊತ್ತಾಗತ್ತೆ" ಎಂದು ಉತ್ತರ. ತಟ್ಟೆಯಲ್ಲಿ ಏನಿತ್ತು ಎಂದು ಆಮೇಲೆ ಕೇಳಿದರೆ ಹೇಳಲು ಬರುವುದಿಲ್ಲ.

ನಿವೃತ್ತಿಗೆ ಒಂದು ವರ್ಷ ಇರುವಾಗ ಇವರ ಕಣ್ಣಿಗೆ ಪೊರೆ ಬಂತು. ಮೊದಲು ಗೊತ್ತಾದದ್ದು ನನಗೆ. ನಾನು ಬಟ್ಟೆ ಹೊಲಿಯುವವಳು. ಮನೆಯ ಮುಂದಿನ ಕೋಣೆಯಲ್ಲೇ ನನ್ನ ಮಿಷನ್ನು, ಬಟ್ಟೆ ಕತ್ತರಿಸುವ ಮೇಜು, ಬೀದಿಗೆ ತೆರೆದ ಕಿಟಕಿ. ನೀಲಿ ದಾರ ಕೊಡಿ ಎಂದರೆ ಇವರು ಕಪ್ಪು ದಾರ ಕೊಟ್ಟರು. ಮಾರನೆಯ ದಿನವೂ ಕಪ್ಪೇ ಕೊಟ್ಟರು. ಡಾಕ್ಟರು ನೋಡಿ, ಎರಡೂ ಕಣ್ಣಿಗೆ ಆಪರೇಷನ್ ಆಗಬೇಕು, ತಡ ಮಾಡಬೇಡಿ ಎಂದರು. ಇವರು ಒಂದು ವರ್ಷ ತಡ ಮಾಡಿದರು. ಆಫೀಸಿಗೆ ಗೊತ್ತಾದರೆ ಸೇತುವೆ ಕೆಳಗೆ ಇಳಿಯಲು ಬಿಡುವುದಿಲ್ಲ, ಕೊನೆಯ ವರ್ಷ ಕುರ್ಚಿಯ ಮೇಲೆ ಕೂರಿಸಿಬಿಡುತ್ತಾರೆ ಎಂಬ ಹೆದರಿಕೆ.

"ಕಿವಿ ಚೆನ್ನಾಗಿದೆ, ಕೈ ಚೆನ್ನಾಗಿದೆ," ಎಂದರು. "ಬೆಣೆ ಗೀರನ್ನ ಉಗುರಲ್ಲೇ ಎಣಿಸ್ತೀನಿ. ನೀನು ಬಾಯಿ ಬಿಡದೇ ಇದ್ರೆ ಸಾಕು."

ನಾನು ಬಾಯಿ ಬಿಡಲಿಲ್ಲ. ಅಷ್ಟಕ್ಕೇ ನಿಲ್ಲಿಸಿದ್ದರೆ ಸರಿ, ಕೈಯನ್ನೂ ಸೇರಿಸಿದೆ. ಸಂಜೆ ಮನೆಗೆ ಬಂದು ಇವರು ಆ ದಿನದ ಅಳತೆಗಳನ್ನು ಹೇಳುವರು. ನಾನು ಮಿಷನ್ನು ನಿಲ್ಲಿಸಿ ಆಫೀಸಿನ ರಿಜಿಸ್ಟರಿನಲ್ಲಿ ದುಂಡಗೆ ಬರೆಯುವೆನು. ಕೊನೆಗೆ ಇವರ ಕೈ ಹಿಡಿದು ಸರಿಯಾದ ಗೆರೆಯ ಮೇಲೆ ಇಡುವೆನು, ಇವರು ರುಜು ಹಾಕುವರು. ಹೀಗೆ ಆ ವರ್ಷ ಹನ್ನೊಂದು ಸೇತುವೆಗಳಾದವು. ನಿವೃತ್ತಿಯ ಮರುವಾರವೇ ಆಪರೇಷನ್ ಆಯಿತು. ಕಣ್ಣಿನ ಪಟ್ಟಿ ಬಿಚ್ಚಿದಾಗ ಇವರು ನನ್ನನ್ನು ಒಂದೆರಡು ನಿಮಿಷ ದಿಟ್ಟಿಸಿ ನೋಡಿ, "ನಿನ್ನ ಕೂದಲು ಯಾವಾಗ ಇಷ್ಟು ಬೆಳ್ಳಗಾಯ್ತು?" ಎಂದರು. ಆಪರೇಷನ್ ಚೆನ್ನಾಗಿ ಆಗಿದೆ ಎಂದು ಡಾಕ್ಟರಿಗೆ ಖುಷಿಯಾಯಿತು.

ಇದೆಲ್ಲ ಮುಗಿಯಿತು, ಮುಚ್ಚಿಹೋಯಿತು ಎಂದುಕೊಂಡಿದ್ದೆ. ಮುಂದಿನ ವರ್ಷ ಒಂದು ಮಧ್ಯಾಹ್ನ ಆಫೀಸಿನ ಹೊಸ ಇಂಜಿನಿಯರಮ್ಮನ ಫೋನು ಬಂತು. ನಮ್ಮ ಮಗಳ ವಯಸ್ಸಿನವಳು, ಅದಕ್ಕೇ ಬೆನ್ನ ಹಿಂದೆ 'ಅವಳು' ಎನ್ನುತ್ತೇನೆ, ಎದುರಿಗೆ ಮರ್ಯಾದೆಯಿಂದಲೇ ಮಾತಾಡುತ್ತೇನೆ.

"ಮೇಷ್ಟ್ರೇ, ಆರು ಕಮಾನಿನ ಸೇತುವೆ ಇವತ್ತು ಮುಚ್ಚಿಸಿಬಿಟ್ಟೆ. ಎರಡನೇ ಕಮಾನಿನ ಬಿರುಕು ಹದಿನಾಲ್ಕು ಮಿಲಿಮೀಟರ್ ಇದೆ. ಎರಡು ವರ್ಷದ ಹಿಂದೆ ನೀವು ನಾಲ್ಕು ಅಂತ ಬರೆದಿದೀರಿ. ಬಾಕಿ ಕಮಾನು ನೋಡೋಕೂ ಹೋಗ್ಲಿಲ್ಲ, ಮೊದಲು ರಸ್ತೆಗೆ ಅಡ್ಡ ಹಾಕಿಸಿದೆ."

ಆರು ಕಮಾನಿನ ಸೇತುವೆ ಎಂದರೆ ನಮ್ಮ ಊರಿನದೇ. ಹೊಳೆಯ ಆಚೆ ಅರ್ಧ ಊರು, ಈಚೆ ಅರ್ಧ ಊರು. ಶಾಲೆಯ ಬಸ್ಸು, ಹಾಲಿನ ಗಾಡಿ, ಆಸ್ಪತ್ರೆಗೆ ಹೋಗುವವರು ಎಲ್ಲ ಅದರ ಮೇಲೇ ಹೋಗಬೇಕು. ಇವರು ಫೋನು ಕೆಳಗಿಟ್ಟು ನನ್ನ ಮೇಜಿನ ಪಕ್ಕದ ಕುರ್ಚಿಯಲ್ಲಿ ಕುಸಿದರು.

"ಬಿರುಕು ಬೆಳೆದಿದೆಯಂತಾ?" ಎಂದೆ.

"ಎರಡು ವರ್ಷಕ್ಕೆ ಹತ್ತು ಮಿಲಿಮೀಟರ್ ಬೆಳೆದ್ರೆ ಸೇತುವೆ ನಿಂತಿರ್ತಿರ್ಲಿಲ್ಲ. ಅವತ್ತೇ ಹದಿನಾಲ್ಕು ಇತ್ತು. ಬೆಣೆ ಹತ್ತರ ಗೀರು ದಾಟಿ ಒಳಗೆ ಹೋಗಿದೆ, ನನಗೆ ಕಂಡಿಲ್ಲ, ಉಗುರಿಗೆ ಸಿಕ್ಕಿದ ನಾಲ್ಕು ಎಣಿಸಿದೀನಿ. ಎರಡು ವರ್ಷ ಜನ ನನ್ನ ರುಜು ನಂಬ್ಕೊಂಡು ಓಡಾಡಿದಾರೆ."

ಮಾರನೆಯ ದಿನ ಹೊಳೆಯಾಚೆಯಿಂದ ಅತ್ತಿಗೆಯ ಫೋನು. ಇವರ ಅಕ್ಕ, ಮಾತಿನಲ್ಲಿ ಬಲು ಜೋರು. ಫೋನನ್ನು ಕಿವಿಯಿಂದ ಒಂದು ಮೊಳ ದೂರ ಹಿಡಿದರೂ ಕೋಣೆಗೆಲ್ಲ ಕೇಳುತ್ತದೆ. "ಐದು ನಿಮಿಷದ ದಾರಿಗೆ ಈಗ ಬಸ್ಸು ಒಂದೂವರೆ ಗಂಟೆ ಸುತ್ತಿಸ್ತಿದೆ. ಈ ಹೊಸಬರಿಗೆ ಏನು ಗೊತ್ತು ಮಣ್ಣು? ನನ್ನ ತಮ್ಮ ಸರಿಯಿದೆ ಅಂದಿದ್ರೆ ಸರಿಯೇ ಇರತ್ತೆ. ಹೇಳು ಅವನಿಗೆ, ಹೋಗಿ ನಾಲ್ಕು ಬಿಸಿಮಾತು ಆಡಿ ಬರಲಿ."

ಬೈದಿದ್ದರೆ ಇವರು ತಡೆದುಕೊಳ್ಳುತ್ತಿದ್ದರೇನೋ. ಈ ನಂಬಿಕೆಯನ್ನು ತಡೆದುಕೊಳ್ಳಲಾಗಲಿಲ್ಲ. ಎದ್ದು ಹಿತ್ತಿಲಿಗೆ ಹೋದರು.

ಸೇತುವೆಗೆ ಹೋಗಿ ನೀವೇ ಒಂದು ಸಲ ನೋಡಿ ಬನ್ನಿ ಎಂದು ಹೇಳಿ ಹೇಳಿ ನನ್ನ ನಾಲಿಗೆ ಸವೆಯಿತು. ಯಾವ ಮುಖ ಇಟ್ಟುಕೊಂಡು ಹೋಗಲಿ ಎನ್ನುವರು. ಊಟ ಎಂದರೆ ಎರಡು ತುತ್ತು. ನಿಜ ಹೇಳಬೇಕೆಂದರೆ ನನಗೂ ಊಟ ಸೇರುತ್ತಿರಲಿಲ್ಲ, ಅದಕ್ಕೆ ಕಾರಣವೇ ಬೇರೆ. ಇವರು ಅವತ್ತು ಹದಿನಾಲ್ಕು ಎಂದೇ ಹೇಳಿರಬಹುದಲ್ಲ. ಶಾಲೆಯ ಯೂನಿಫಾರಂ ರಾಶಿ ಬಿದ್ದಿದ್ದ ತಿಂಗಳು, ತಲೆ ಗಿರ್ ಎನ್ನುತ್ತಿತ್ತು. ಹದಿನಾಲ್ಕು ಎಂದದ್ದು ನಾಲ್ಕು ಎಂದು ಕಿವಿಗೆ ಬಿತ್ತೋ ಏನೋ. ಕಣ್ಣು ಇವರದು, ಬರೆದ ಕೈ ನನ್ನದು. ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಎಂಟು ದಿನ ಹೊಲಿದೆ. ಒಂದು ಕುಪ್ಪಸಕ್ಕೆ ಎರಡೂ ಬಲತೋಳು ಕೂರಿಸಿ ಮತ್ತೆ ಬಿಚ್ಚಿದೆ.

ಒಂಬತ್ತನೆಯ ದಿನ ಬೆಳಿಗ್ಗೆ ತಡೆಯಲಾಗಲಿಲ್ಲ. "ರೀ, ನಾನೇ ತಪ್ಪು ಬರೆದೆನೇನೋ" ಎಂದೆ.

"ಸುಮ್ನಿರು. ನನ್ನ ತಪ್ಪನ್ನ ನೀನು ಮೈಮೇಲೆ ಹಾಕ್ಕೋಬೇಡ."

ನನಗೆ ಮೈಯೆಲ್ಲ ಉರಿಯಿತು. ತಪ್ಪಿನಲ್ಲೂ ನನಗೊಂದು ಪಾಲು ಕೊಡದ ಮನುಷ್ಯ. ಟೀ ಲೋಟವನ್ನು ಕುಕ್ಕಿ ಇಟ್ಟು ಕೆಲಸಕ್ಕೆ ಕೂತೆ.

ಅವತ್ತೇ ಹತ್ತು ಗಂಟೆಗೆ ಇಂಜಿನಿಯರಮ್ಮ ಬಂದಳು. ಒಂದು ಕೈಯಲ್ಲಿ ಫೈಲು, ಇನ್ನೊಂದರಲ್ಲಿ ಹಳೆಯ ರಿಜಿಸ್ಟರು. ಮೇಲಿನವರು ಕಲ್ಲು ಕಮಾನುಗಳನ್ನು ಕೆಡವಿ ಕಾಂಕ್ರೀಟಿನ ಸೇತುವೆ ಮಾಡುವ ಮಾತಾಡುತ್ತಿದ್ದಾರೆ, ಅದಕ್ಕೆ ಮುಂಚೆ ಮೇಷ್ಟ್ರ ಹೇಳಿಕೆ ಬೇಕಂತೆ. ಕುರ್ಚಿಯ ತುದಿಯಲ್ಲಿ ಕೂತು, ಇವರ ಮುಖ ನೋಡಲಾರದೆ ಫೈಲು ನೋಡುತ್ತ ಮಾತಾಡಿದಳು.

"ಹೇಗೆ ಅಳತೆ ಮಾಡಿದ್ರಿ ಅಂತ ನಾಲ್ಕು ಸಾಲು ಬರೆದುಕೊಟ್ರೆ ಸಾಕು ಮೇಷ್ಟ್ರೇ. ನಾನೂ ಬರೆದಿದೀನಿ. ಕೆಳಗಡೆ ಮೆಟ್ಟಿಲಿಂದ ಇಳಿದು, ಸೇತುವೆಗೆ ಮುಖ ಮಾಡಿ ನಿಂತು, ಎಡಗಡೆಯಿಂದ ಎರಡನೇ ಕಮಾನು..."

ನಾನು ಮೇಜಿನ ಮೇಲೆ ಅಂಗಿಯ ಮುಂಭಾಗ ಹರಡಿಕೊಂಡು ಜೇಬಿಗೆ ಗುರುತು ಹಾಕುತ್ತಿದ್ದೆ. ಜೇಬು ಎಡಗಡೆ ಬರಬೇಕು, ಎಡ ಎಂದರೆ ಹಾಕಿಕೊಳ್ಳುವವರ ಎಡ, ಎದುರಿಗೆ ನಿಂತು ನೋಡುವ ನನ್ನ ಎಡವಲ್ಲ. ಕಲಿಯಲು ಬಂದವರೆಲ್ಲ ಮೊದಲು ಎಡವುವುದು ಇಲ್ಲೇ. ಕತ್ತರಿ ಹಿಡಿದವಳ ಬಾಯಿಂದ ಮಾತು ತಾನಾಗಿ ಬಂತು.

"ಯಾರ ಎಡ?"

ಇಬ್ಬರೂ ನನ್ನ ಕಡೆ ನೋಡಿದರು.

"ಅಲ್ಲಮ್ಮ, ನಿಮ್ಮ ಎಡವೋ, ಸೇತುವೆ ಎಡವೋ?"

ಇವರು ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. "ಹೊಳೆ ಎಡ," ಎಂದರು. "ನೀರು ಹರಿಯೋ ಕಡೆ ಮುಖ ಮಾಡಿ ನಿಂತ್ರೆ ಯಾವುದು ಎಡವೋ ಅದೇ ಎಡದಂಡೆ. ನಾವು ಅಲ್ಲಿಂದ ಎಣಿಸೋದು. ಮೇಡಂ, ನೀವು ಮೆಟ್ಟಿಲ ಕಡೆಯಿಂದ ನೋಡಿದ್ರೆ ನೀರು ನಿಮ್ಮ ಕಡೆಗೆ ಬರ್ತಿತ್ತು. ನಿಮ್ಮ ಎಡ ಅಂದ್ರೆ ಹೊಳೆಗೆ ಬಲ."

ಆರು ಕಮಾನು. ಅವಳ ಕಡೆಯಿಂದ ಎರಡನೆಯದು ಎಂದರೆ ನಮ್ಮ ಕಡೆಯಿಂದ ಐದನೆಯದು. ಅವಳು ರಿಜಿಸ್ಟರನ್ನು ತೆರೆದಳು, ಮೂವರ ತಲೆಯೂ ಅದರ ಮೇಲೆ ಬಗ್ಗಿತು. ಐದನೆಯ ಸಾಲಿನಲ್ಲಿ ನನ್ನದೇ ದುಂಡಕ್ಷರದಲ್ಲಿ ೧೪ ಎಂದಿತ್ತು. ಪಕ್ಕದಲ್ಲಿ 'ಹಳೆಯ ಬಿರುಕು, ಗಾರೆ ಗುರುತು ಇದೆ' ಎಂದೂ ಇತ್ತು. ಎರಡನೆಯ ಸಾಲಿನಲ್ಲಿ ಏರುಪೇರು ಕಂಡ ಮೇಲೆ ಐದನೆಯ ಸಾಲನ್ನು ಓದುವ ವ್ಯವಧಾನ ಯಾರಿಗಿತ್ತು? ಎಡದಲ್ಲಿ ಆದದ್ದಕ್ಕೆ ಎಡವಟ್ಟು ಎನ್ನದೆ ಇನ್ನೇನೆನ್ನಬೇಕು.

ಅವಳ ಜೀಪಿನಲ್ಲೇ ಹೊರಟೆವು. ಅಂಗಿಯನ್ನು ಮೇಜಿನ ಮೇಲೆ ಹಾಗೇ ಬಿಟ್ಟು ನಾನೂ ಹತ್ತಿದೆ. ನೀನ್ಯಾಕೆ ಎಂದು ಯಾರೂ ಕೇಳಲಿಲ್ಲ, ಕೇಳಿದ್ದರೆ ನೆಟ್ಟಗಾಗುತ್ತಿರಲಿಲ್ಲ. ಮೆಟ್ಟಿಲಿಳಿಯುವಾಗ ಇವರು ನನ್ನ ಹೆಗಲ ಮೇಲೆ ಕೈಯಿಟ್ಟಿದ್ದರು. ಐದನೆಯ ಕಮಾನಿನ ಗೋಡೆ ತುಂಬ ಹಸಿರು ಪಾಚಿ, ಮಳೆಗಾಲದ ಕೆಸರು ಒಣಗಿ ಅಂಟಿತ್ತು. ಇವರು ಬಿರುಕಿನ ಗುಂಟ ಅಂಗೈ ಆಡಿಸುತ್ತ ಹೋಗಿ ಒಂದು ಕಡೆ ನಿಲ್ಲಿಸಿ, ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ಕೆರೆದರು. ಪಾಚಿಯ ಕೆಳಗಿಂದ ಅಂಗೈಯಗಲದ ಗಾರೆಯ ಬಿಲ್ಲೆ ಕಂಡಿತು. ಅದರ ಮೇಲೆ ಎಂಟು ವರ್ಷದ ಹಿಂದಿನ ತಾರೀಖು. ಬಿಲ್ಲೆಯಲ್ಲಿ ಕೂದಲೆಳೆಯಷ್ಟೂ ಸೀಳಿರಲಿಲ್ಲ.

"ಸತ್ತಿದೆ," ಎಂದರು ಇವರು. ಆ ಮಾತನ್ನು ಅಷ್ಟು ಸಂತೋಷದಿಂದ ಹೇಳಿದವರನ್ನು ನಾನು ಬೇರೆ ಕಂಡಿಲ್ಲ.

ಆಮೇಲೆ ಆಚೆ ತುದಿಗೆ ಹೋಗಿ, ನಿಜವಾದ ಎರಡನೆಯ ಕಮಾನಿನ ಬಿರುಕಿಗೆ ಇಂಜಿನಿಯರಮ್ಮನೇ ಬೆಣೆ ತೂರಿಸಿದಳು. ಗೀರನ್ನು ಎರಡು ಸಲ ಎಣಿಸಿದಳು. "ನಾಲ್ಕು. ನಾಲ್ಕೇ ಮೇಷ್ಟ್ರೇ."

ಹೋದ ಜೀವ ಬಂದ ಹಾಗಾಯಿತು. ಒದ್ದೆ ಕಲ್ಲಿನ ಮೇಲೆ ಕೂತು, ಯಾರಿದ್ದಾರೆ ಬಿಟ್ಟಿದ್ದಾರೆ ಎಂದು ನೋಡದೆ ಅತ್ತೆ. ಇಂಜಿನಿಯರಮ್ಮನೂ ಮೂಗೊರೆಸಿಕೊಂಡಳು. ಸುಮ್ಮನೆ ಒಂಬತ್ತು ದಿನ ಊರಿಗೆಲ್ಲ ತೊಂದರೆ ಕೊಟ್ಟೆ ಎಂದು ಅವಳ ಸಂಕಟ. ಇವರು ತಲೆಯಾಡಿಸಿದರು. "ಎಣಿಸಿದ್ದು ತಪ್ಪು ಮೇಡಂ, ಮುಚ್ಚಿದ್ದು ತಪ್ಪಲ್ಲ. ಹದಿನಾಲ್ಕು ಕಂಡೂ ಮುಚ್ಚದೇ ಹೋಗಿದ್ರೆ ನಾನು ನಿಮ್ಮ ಜತೆ ಮಾತಾಡ್ತಿರ್ಲಿಲ್ಲ."

ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯುತ್ತಿತ್ತು ಕೂಡ. ಇವರು ಗಂಟಲು ಸರಿಮಾಡಿಕೊಂಡು, "ಇನ್ನೊಂದು ಮಾತಿದೆ" ಎಂದರು. ಏನು ಬರಲಿದೆ ಎಂದು ನನಗೆ ಗೊತ್ತಾಗಿ ಹಿಂದಿನಿಂದ ಅಂಗಿ ಜಗ್ಗಿದೆ. ಜಗ್ಗಿದರೆ ಕೇಳುವ ಆಸಾಮಿಯೇ ಇವರು? ಪೊರೆಯ ವಿಷಯ, ಮುಚ್ಚಿಟ್ಟ ವಿಷಯ ಎಲ್ಲ ನೆಟ್ಟಗೆ ನಿಂತು ಹೇಳಿಬಿಟ್ಟರು. ನಾನು ಬರೆದದ್ದನ್ನು ಮಾತ್ರ ಹೇಳಲಿಲ್ಲ.

ಅವಳು ಬೆಣೆಯನ್ನು ಒರೆಸಿ ಚೀಲಕ್ಕೆ ಹಾಕಿ, "ಈಗ ಸರಿಯಾಯ್ತಲ್ಲ ಮೇಷ್ಟ್ರೇ" ಎಂದಳು.

"ಇದೊಂದು ಸರಿಯಾಯ್ತು. ಇನ್ನೂ ಹತ್ತಿವೆ. ಅವನ್ನೆಲ್ಲ ನೀವು ಇನ್ನೊಂದ್ಸಲ ಅಳೀಬೇಕು."

ಆ ಮಧ್ಯಾಹ್ನವೇ ಸೇತುವೆ ತೆರೆಯಿತು, ಸಂಜೆ ಅತ್ತಿಗೆ ಬಂದು ತಮ್ಮನ ಬೆನ್ನು ತಟ್ಟಿ ಹೋದರು. ನಾನು ಮಾತ್ರ ಇವರೊಡನೆ ಎರಡು ದಿನ ಮಾತು ಬಿಟ್ಟೆ. ಮಾನ ಉಳಿಯಿತು ಎನ್ನುವಷ್ಟರಲ್ಲಿ ಕೈಯಾರೆ ಬೀದಿಗೆ ಹಾಕಿಕೊಂಡರಲ್ಲ ಎಂಬ ಸಿಟ್ಟು. ಹತ್ತರಲ್ಲಿ ಒಂದು ತಪ್ಪಿದ್ದರೂ ನಲವತ್ತು ವರ್ಷದ ದುಡಿಮೆ ಮಣ್ಣುಪಾಲು. ಮೂರನೆಯ ದಿನ ಇವರೇ ಮೇಜಿನ ಬಳಿ ಬಂದು ನಿಂತರು.

"ನಂಗೂ ಭಯ ಇದೆ ಕಣೇ. ಆದ್ರೆ ಗೊತ್ತಿಲ್ಲದೆ ಇರೋ ಭಯ ಇದೆಯಲ್ಲ, ಈ ಒಂಬತ್ತು ದಿನ ಪಟ್ಟೆವಲ್ಲ, ಅದು ಸಾಯೋವರೆಗೂ ಬೇಡ."

ಅಳೆಯಲು ಹೋಗುವಾಗ ನಾನೂ ಬರುತ್ತೇನೆ ಎಂದೆ.

ಐದು ವಾರ ಹಿಡಿಯಿತು. ವಾರಕ್ಕೆ ಎರಡು ಸೇತುವೆ. ಇವರು ಬೆಣೆಯನ್ನು ಮುಟ್ಟಲೇ ಇಲ್ಲ. ಕೈ ಹಿಂದೆ ಕಟ್ಟಿಕೊಂಡು ದೂರ ನಿಂತಿರುವರು. ಇಂಜಿನಿಯರಮ್ಮ ಅಳೆದು ಗಟ್ಟಿಯಾಗಿ ಹೇಳುವಳು, ಅವಳು ಹೇಳಿದ ಮೇಲೆಯೇ ನಾನು ರಿಜಿಸ್ಟರಿನ ಅಂಕಿ ಓದಬೇಕು. ಅವಳು ಐದು ಎನ್ನುವಳು, ನಾನು ಹುಡುಕಿ ಐದು ಎನ್ನುವೆನು. ಪ್ರತಿ ಸಲ ಆ ನಡುವಿನ ಗಳಿಗೆಯಲ್ಲಿ ಸಾಲಿನ ಮೇಲೆ ಬೆರಳಿಟ್ಟು ದೇವರನ್ನು ನೆನೆಯುತ್ತಿದ್ದೆ.

ಆರನೆಯ ಸೇತುವೆಯಲ್ಲಿ ಅವಳು "ಆರು" ಎಂದಳು. ನಾನು ನೋಡಿದರೆ ರಿಜಿಸ್ಟರಿನಲ್ಲಿ ಒಂಬತ್ತು. ಕನ್ನಡಕ ಏರಿಸಿ ಮತ್ತೆ ನೋಡಿದೆ. ನನ್ನ ದುಂಡಕ್ಷರದ ೬, ಬಾಲ ಎತ್ತ ತಿರುಗಿತೋ ಏನೋ, ೯ ಆಗಿ ಕೂತಿತ್ತು. "ಇದು ನನ್ನದು," ಎಂದೆ. "ಬರೆದದ್ದು ನಾನು." ಇಂಜಿನಿಯರಮ್ಮ ನನ್ನನ್ನೇ ನೋಡಿದಳು. ನಾನು ಉಳಿದದ್ದನ್ನೆಲ್ಲ ಹೇಳಿದೆ, ಇವರು ಅಡ್ಡ ಬಂದರೂ ಬಿಡಲಿಲ್ಲ. ಬಿರುಕು ಇದ್ದದ್ದಕ್ಕಿಂತ ಹೆಚ್ಚು ಎಂದು ಬರೆದಿದ್ದೆನೇ ಹೊರತು ಕಡಿಮೆ ಎಂದಲ್ಲ. ಆದ್ದರಿಂದ ಯಾರಿಗೂ ಏನೂ ಆಗಿರಲಿಲ್ಲ, ಬಿರುಕು ಬೆಳೆಯುತ್ತಿದೆ ಎಂದು ತಿಳಿದು ಲಾರಿಗಳಿಗೆ ಮಾತ್ರ ಎರಡು ವರ್ಷ ಆ ದಾರಿ ಬಂದ್ ಮಾಡಿದ್ದರು. ಲಾರಿಯವರು ಎಷ್ಟು ಶಾಪ ಹಾಕಿರಬಹುದು ಎಂದು ಇಂಜಿನಿಯರಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಕೊನೆಯದು ಕಾಲುವೆಯ ಮೇಲಿನ ಒಂದೇ ಕಮಾನಿನ ಚಿಕ್ಕ ಸೇತುವೆ. ಒಂದೇ ಒಂದು ಬಿರುಕು. ಅವಳು ಬೆಣೆ ತೆಗೆದು "ಮೂರು" ಎಂದಳು. ನಾನು ನೋಡಿದೆ. ಮೂರು. ರಿಜಿಸ್ಟರನ್ನು ಇವರತ್ತ ತಿರುಗಿಸಿ ಹಿಡಿದೆ. ಇವರು ನೋಡಿ, ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಕಾಲುವೆಯ ಕಟ್ಟೆಯ ಮೇಲೆ ಕೂತುಬಿಟ್ಟರು. ನಾನು ಪಕ್ಕದಲ್ಲಿ ಕೂತೆ.

ಹೊಸ ಹಾಳೆಯ ಕೊನೆಯಲ್ಲಿ ಇಂಜಿನಿಯರಮ್ಮ ತನ್ನ ರುಜು ಹಾಕಿ, ಹಿಂದಿನ ಅಳತೆ ತೆಗೆದವರು ಎಂಬಲ್ಲಿ ಇವರ ರುಜು ಹಾಕಿಸಿಕೊಂಡಳು. ಇವರು ಪೆನ್ನು ಹಿಂದಕ್ಕೆ ಕೊಡಲಿಲ್ಲ. ಕೆಳಗೆ ಇನ್ನೊಂದು ಗೆರೆ ಎಳೆದು, ಪಕ್ಕದಲ್ಲಿ 'ಬರೆದವರು' ಎಂದು ಸೇರಿಸಿ ನನ್ನ ಕೈಗಿಟ್ಟರು.

"ನಾನ್ಯಾಕೆ ಹಾಕ್ಲಿ? ಬರೆದದ್ದೇ ಕದ್ದುಮುಚ್ಚಿ."

"ಇನ್ಮೇಲೆ ಅಲ್ಲ. ಮೇಡಂ, ಹಾಕಬಹುದು ತಾನೆ?"

ಇಂಜಿನಿಯರಮ್ಮ, "ಹಾಕಿ ಅಮ್ಮ, ಒಂಬತ್ತಿಗೂ ಯಾರಾದರೂ ಜವಾಬ್ದಾರಿ ಬೇಕಲ್ಲ" ಎಂದಳು.

ಹಾಕಿದೆ. ಜೀಪು ಹೊರಟಿದ್ದಷ್ಟೇ ನನಗೆ ನೆನಪು. ಇಬ್ಬರಿಗೂ ಎಷ್ಟು ಒಳ್ಳೆಯ ನಿದ್ದೆ ಹತ್ತಿತ್ತೆಂದರೆ, ಮನೆಯ ಮುಂದೆ ಗಾಡಿ ನಿಲ್ಲಿಸಿ ಅವಳು ಕಾಲು ಗಂಟೆ ಎಬ್ಬಿಸದೆ ಕಾದಳಂತೆ.